ಫ್ರೀಲಾನ್ಸರಿಗೆ 60 ದಿನದ ನೋಟಿಸ್, ಕಂಪನಿಗೆ ಒಂದೇ ಇಮೇಲ್: ಈ ಲೆಕ್ಕ ಎಲ್ಲಿಂದ ಬಂತು?

ಬೆಂಗಳೂರಿನಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡುವವರ ಅಗ್ರಿಮೆಂಟ್ ತೆಗೆದು ನೋಡಿ. ಮೊದಲ ಪುಟದಲ್ಲೇ ‘ಇವರು ನಮ್ಮ ಉದ್ಯೋಗಿ ಅಲ್ಲ, ಸ್ವತಂತ್ರ ಕನ್ಸಲ್ಟೆಂಟ್’ ಅಂತ ಇರುತ್ತದೆ. ಅಂದರೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ರಜೆ ಹಾಕಿದರೆ ಆ ದಿನದ ದುಡ್ಡೂ ಇಲ್ಲ. ನಾಲ್ಕು ಪುಟ ಮುಂದೆ ಹೋದರೆ, ಈ ‘ಉದ್ಯೋಗಿ ಅಲ್ಲದವರು’ ಕೆಲಸ ಬಿಡಬೇಕಾದರೆ 60 ದಿನ ಮೊದಲೇ ನೋಟಿಸ್ ಕೊಡಬೇಕು ಅಂತ ಬರೆದಿರುವುದು ಎಷ್ಟೋ ಸಲ ಸಿಗುತ್ತದೆ. ಅದರ ಕೆಳಗೇ ಇನ್ನೊಂದು ಸಾಲು: ಕಂಪನಿ ಮಾತ್ರ ಕಾರಣ ಹೇಳದೆ ಯಾವಾಗ ಬೇಕಾದರೂ ಕರಾರು ಮುಗಿಸಬಹುದು.

ಇದು ಕಾನೂನಿನಲ್ಲಿ ನಿಲ್ಲುತ್ತದಾ ಅಂತ ಕೇಳಿದರೆ ಒಬ್ಬರು ಲೇಬರ್ ಕೋರ್ಟಿಗೆ ಹೋಗಿ ಅಂತಾರೆ, ಇನ್ನೊಬ್ಬರು ಸೈನ್ ಮಾಡಿದ ಮೇಲೆ ಮುಗೀತು ಅಂತಾರೆ. ಇಬ್ಬರೂ ಅರ್ಧ ಸರಿ. ಗೊಂದಲಕ್ಕೆ ಕಾರಣವೂ ಇದೆ. ನೋಟಿಸಿನ ಸಾಲು ಬಂದದ್ದು ನೌಕರಿಯ ಕಾನೂನಿನಿಂದ, ಕಾರಣ ಹೇಳದೆ ಮುಗಿಸುವ ಸಾಲು ಬಂದದ್ದು ಸರ್ಕಾರಿ ಖರೀದಿಯಿಂದ. ಎರಡೂ ಫ್ರೀಲಾನ್ಸರಿಗಾಗಿ ಹುಟ್ಟಿದ್ದಲ್ಲ.

ಸ್ವಲ್ಪ ಹಿಂದಿನಿಂದ ನೋಡೋಣ. ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಬಿಟ್ಟು ಹೋಗುವುದು ಒಂದು ಕಾಲಕ್ಕೆ ಇಲ್ಲಿ ಅಪರಾಧವೇ ಆಗಿತ್ತು. ಮುಂಗಡ ಪಡೆದ ಕೂಲಿ ಅಥವಾ ಕುಶಲಕರ್ಮಿ ಕೆಲಸಕ್ಕೆ ಬರದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬಹುದು ಅಂತ ಬ್ರಿಟಿಷ್ ಸರ್ಕಾರ 1859ರಲ್ಲಿ ಕಾಯ್ದೆ ಮಾಡಿತು. ದುಡ್ಡು ವಾಪಸ್ ಕೊಡು ಅಥವಾ ಕೆಲಸ ಮುಗಿಸು ಅಂತ ಆದೇಶ. ಒಪ್ಪದಿದ್ದರೆ ಮೂರು ತಿಂಗಳವರೆಗೆ ಜೈಲು. ಮೇಸ್ತ್ರಿ ಕೈಯಲ್ಲಿ ಮುಂಗಡ ಪಡೆದು ಘಟ್ಟ ಹತ್ತಿ ಕೊಡಗಿನ ಕಾಫಿ ತೋಟಗಳಿಗೆ ಹೋದವರ ಮೇಲೂ ಇದರ ನೆರಳಿತ್ತು. ಮಾತು ತಪ್ಪಿದ ಮಾಲೀಕನಿಗೆ ಈ ಕಾಯ್ದೆಯಲ್ಲಿ ಜೈಲು ಇರಲಿಲ್ಲ, ಗಮನಿಸಿ. 1925ರಲ್ಲಿ ಇದನ್ನು ರದ್ದು ಮಾಡುವ ಕಾನೂನು ಬಂತು.

ಅಷ್ಟರಲ್ಲಿ 1872ರ ಕಾಂಟ್ರಾಕ್ಟ್ ಕಾಯ್ದೆ ಬೇರೆ ದಾರಿ ಹಾಕಿಕೊಟ್ಟಿತ್ತು. ಕರಾರು ಮುರಿದರೆ ನಷ್ಟ ಕಟ್ಟಿಕೊಡಿ, ಅಷ್ಟೇ. ನಿಮ್ಮನ್ನು ಎಳೆದು ತಂದು ಕುರ್ಚಿಯಲ್ಲಿ ಕೂರಿಸಿ ಕೋಡ್ ಬರೆಸಲು ಯಾವ ಕೋರ್ಟೂ ಆದೇಶ ಕೊಡುವುದಿಲ್ಲ. ವೈಯಕ್ತಿಕ ಸೇವೆಯ ಕರಾರನ್ನು ಬಲವಂತವಾಗಿ ಜಾರಿ ಮಾಡಿಸುವಂತಿಲ್ಲ ಅನ್ನುವ ನಿಯಮ 1877ರ ಕಾಯ್ದೆಯಲ್ಲೂ ಇತ್ತು, 1963ರಲ್ಲಿ ಅದರ ಜಾಗಕ್ಕೆ ಬಂದ ಸ್ಪೆಸಿಫಿಕ್ ರಿಲೀಫ್ ಕಾಯ್ದೆಯಲ್ಲೂ ಉಳಿದುಕೊಂಡಿತು.

ಸ್ವಾತಂತ್ರ್ಯದ ಆಸುಪಾಸಿನಿಂದ ಮುಂದಿನ ನಲವತ್ತು ವರ್ಷ ಈ ಕಥೆ ಬಹುಪಾಲು ಕಾರ್ಖಾನೆ ಮತ್ತು ಅಂಗಡಿಗಳದ್ದು. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ತಿದ್ದುಪಡಿಯಾಗಿ, ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನನ್ನು ಕೆಲಸದಿಂದ ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್, ಜೊತೆಗೆ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಅಂತ ಬಂತು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೂ ಆರು ತಿಂಗಳು ಕೆಲಸ ಮಾಡಿದವರನ್ನು ತೆಗೆಯಲು ಒಂದು ತಿಂಗಳ ನೋಟಿಸ್ ಬೇಕು. ಕೆಲಸ ಹೋಗುವವನಿಗೆ ಇನ್ನೊಂದು ಕೆಲಸ ಹುಡುಕಲು ಸಮಯ ಸಿಗಲಿ ಅನ್ನುವುದೇ ಈ ನೋಟಿಸಿನ ಉದ್ದೇಶ.

ಕಾರಣ ಹೇಳದೆ ಮುಗಿಸುವ ಹಕ್ಕಿನ ಬೇರು ಅಮೆರಿಕದಲ್ಲಿದೆ. ಅಂತರ್ಯುದ್ಧ ಮುಗಿದಾಗ ಆರ್ಡರ್ ಕೊಟ್ಟಿದ್ದ ಹಡಗಿನ ಎಂಜಿನ್‌ಗಳು ನೌಕಾಪಡೆಗೆ ಬೇಡವಾದವು. ಕೆಲಸ ನಿಲ್ಲಿಸಿ ಕಂಪನಿಯ ಜೊತೆ ಲೆಕ್ಕ ಚುಕ್ತಾ ಮಾಡಿಕೊಳ್ಳುವ ಅಧಿಕಾರ ಇಲಾಖೆಗಿದೆ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಕಾರ್ಲಿಸ್ ಸ್ಟೀಮ್ ಎಂಜಿನ್ ಕಂಪನಿ ಪ್ರಕರಣದಲ್ಲಿ ಒಪ್ಪಿತು. ಆಮೇಲೆ ಎರಡು ಮಹಾಯುದ್ಧ ಮುಗಿದಾಗಲೂ ಇದೇ ಆಯಿತು. ಆದರೆ ಆ ಏರ್ಪಾಡಿನಲ್ಲಿ ನಿಲ್ಲಿಸುವ ಹಕ್ಕಿನ ಜೊತೆಗೇ ಒಂದು ಹೊಣೆಯೂ ಇತ್ತು. ಆಗಿರುವ ಕೆಲಸಕ್ಕೆ, ಅದಕ್ಕಾಗಿ ಮಾಡಿದ ಖರ್ಚಿಗೆ ದುಡ್ಡು ಕೊಡಬೇಕಿತ್ತು.

ಈಗ ಬೆಂಗಳೂರಿಗೆ ಬರೋಣ, ನಿಜವಾದ ಗಂಟು ಬಿದ್ದದ್ದು ಇಲ್ಲೇ. ವೈ2ಕೆ ಕಾಲದಿಂದ, ಅಂದರೆ 2000ನೇ ಇಸವಿಯ ಆಸುಪಾಸಿನಿಂದ ಈಚೆಗೆ ಐಟಿ ಕೆಲಸ ಸರಪಳಿಯ ರೂಪದಲ್ಲಿ ಬರಲು ಶುರುವಾಯಿತು. ವಿದೇಶದ ಕ್ಲೈಂಟ್, ಅವರ ಕೆಳಗೆ ದೊಡ್ಡ ಸರ್ವೀಸ್ ಕಂಪನಿ, ಅದರ ಕೆಳಗೆ ಜನ ಒದಗಿಸುವ ವೆಂಡರ್, ಕೆಲವು ಸಲ ಅದರ ಕೆಳಗೆ ಇನ್ನೊಂದು ಸಬ್ ವೆಂಡರ್, ಕೊನೆಗೆ ಲ್ಯಾಪ್‌ಟಾಪ್ ಹಿಡಿದು ಕೂತ ಕಾಂಟ್ರಾಕ್ಟರ್. ಪ್ರಾಜೆಕ್ಟ್ ಯಾವಾಗ ಬೇಕಾದರೂ ನಿಲ್ಲಿಸುವ ಹಕ್ಕನ್ನು ಕ್ಲೈಂಟ್ ಇಟ್ಟುಕೊಳ್ಳುತ್ತಾನೆ. ಅದನ್ನು ಸರ್ವೀಸ್ ಕಂಪನಿ ಹಾಗೇ ವೆಂಡರ್‌ಗೆ ದಾಟಿಸುತ್ತದೆ, ವೆಂಡರ್ ನಿಮಗೆ ದಾಟಿಸುತ್ತಾನೆ. ‘ಬ್ಯಾಕ್ ಟು ಬ್ಯಾಕ್’ ಅನ್ನುವುದು ಇದಕ್ಕೇ. ಮಧ್ಯದಲ್ಲಿರುವ ಯಾರೂ ಖಾಲಿ ಕೂತವರ ಖರ್ಚು ಹೊರಲು ತಯಾರಿಲ್ಲ, ಅವರ ಮಾರ್ಜಿನ್ನೂ ಅಷ್ಟು ದೊಡ್ಡದಲ್ಲ. ಇನ್ನೊಂದು ಕಡೆ, ನೀವು ಬಿಟ್ಟು ಹೋದರೆ ಬದಲಿ ಜನ ಕೊಡುತ್ತೇನೆ ಅಂತ ವೆಂಡರ್ ಮೇಲಿನವರಿಗೆ ಮಾತು ಕೊಟ್ಟಿರುತ್ತಾನೆ. ಹೊಸಬರನ್ನು ಹುಡುಕಲು ಅವನಿಗೆ ಸಮಯ ಬೇಕು, ಯಾಕೆಂದರೆ ಪರ್ಮನೆಂಟ್ ನೌಕರರ ನೋಟಿಸೇ ಎಷ್ಟೋ ಕಡೆ ಮೂರು ತಿಂಗಳಿಗೆ ಬಂದು ನಿಂತಿದೆ. ಅದಕ್ಕೇ ನಿಮ್ಮ ಹಾಳೆಯಲ್ಲಿ 60 ದಿನ. ಸರಪಳಿಯ ಪ್ರತಿ ಕೊಂಡಿಗೂ ತನ್ನದೇ ಕಾರಣ ಇದೆ, ಯಾರೂ ಕೆಟ್ಟವರಲ್ಲ. ಆದರೂ ಎಲ್ಲರ ಭಾರ ಬಂದು ಕೂರುವುದು ಕೊನೆಯ ಮನುಷ್ಯನ ಮೇಲೆ. ಯುದ್ಧಕಾಲದ ಏರ್ಪಾಡಿನಲ್ಲಿದ್ದ ಖರ್ಚು ತುಂಬಿಕೊಡುವ ಭಾಗ ಇಷ್ಟು ಕೈ ದಾಟುವಷ್ಟರಲ್ಲಿ ಎಲ್ಲೋ ಉದುರಿಹೋಗಿದೆ. ನೌಕರಿ ಕಾನೂನಿನ ನೋಟಿಸೂ ತಿರುಗಾಮುರುಗಾ ಆಗಿದೆ: ದುಡಿಯುವವನಿಗೆ ಸಿಗಬೇಕಿದ್ದ ಸಮಯವನ್ನು ಈಗ ಅವನೇ ಕೊಡಬೇಕು.

ಕೋರ್ಟುಗಳು ಏನು ಹೇಳಿವೆ? 1991ರಲ್ಲಿ ವರದಿಯಾದ ಇಂಡಿಯನ್ ಆಯಿಲ್ ಮತ್ತು ಅಮೃತಸರದ ಗ್ಯಾಸ್ ಏಜೆನ್ಸಿ ನಡುವಿನ ಪ್ರಕರಣ ಫ್ರೀಲಾನ್ಸರ್‌ಗಳೂ ತಿಳಿದಿರಬೇಕಾದದ್ದು. 30 ದಿನದ ನೋಟಿಸಿನಲ್ಲಿ ಮುಗಿಸಬಹುದಾದ ಕರಾರು ಅದು. ಅದನ್ನು ಮುರಿದದ್ದು ತಪ್ಪೇ ಆದರೂ ಪರಿಹಾರ ಆ 30 ದಿನಕ್ಕೆ ಮಾತ್ರ ಅಂತ ಸುಪ್ರೀಂ ಕೋರ್ಟ್ ಹೇಳಿತು. ಇದೇ ಲೆಕ್ಕ ನಿಮ್ಮ ಅಗ್ರಿಮೆಂಟಿಗೆ ಹಾಕಿ ನೋಡಿ. ‘12 ತಿಂಗಳ ಕಾಂಟ್ರಾಕ್ಟ್’ ಅಂತ ದಪ್ಪ ಅಕ್ಷರದಲ್ಲಿದ್ದರೂ ಅವರು 15 ದಿನದಲ್ಲಿ ಮುಗಿಸಬಹುದು ಅಂತಿದ್ದರೆ, ನಿಮ್ಮ ಕೈಯಲ್ಲಿರುವುದು 15 ದಿನದ ಕಾಂಟ್ರಾಕ್ಟ್. ಗೃಹಸಾಲಕ್ಕೆ ಸಹಿ ಹಾಕುವ ಮುಂಚೆ ಇದೊಂದು ಗೊತ್ತಿರಲಿ.

ನೀವೇ ನಡುವೆ ಬಿಟ್ಟರೆ? ಕಾಂಟ್ರಾಕ್ಟ್ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕರಾರಿನಲ್ಲಿ ಬರೆದ ದಂಡ ಗರಿಷ್ಠ ಮಿತಿ ಮಾತ್ರ. ಅದರೊಳಗೆ ಎಷ್ಟು ಸಮಂಜಸವೋ ಅಷ್ಟನ್ನು ಕೋರ್ಟ್ ಕೊಡಿಸುತ್ತದೆ. ಆದರೆ ಇಂತಿಷ್ಟು ಕಾಲದ ಮೊದಲೇ ಬಿಟ್ಟರೆ ದುಡ್ಡು ಕಟ್ಟುತ್ತೇನೆ ಅಂತ ಬರೆಸಿಕೊಳ್ಳುವ ಬಾಂಡ್‌ಗಳೆಲ್ಲ ಸುಮ್ನೆ ಹೆದರಿಸಲು ಅಂದುಕೊಳ್ಳಬೇಡಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷದ ಮೊದಲೇ ಬಿಟ್ಟ ಅಧಿಕಾರಿ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಲ್ಲಿದ್ದದ್ದು ಪರೀಕ್ಷೆ ನಡೆಸಿ ನೇಮಕ ಮಾಡಿಕೊಳ್ಳಬೇಕಾದ ಸರ್ಕಾರಿ ಬ್ಯಾಂಕು ಮತ್ತು ಅದರ ಕಾಯಂ ನೌಕರ. ಅದನ್ನೇ ತೋರಿಸಿ ಡಿಸೈನರ್ ಒಬ್ಬರನ್ನು ಹೆದರಿಸುವುದು ಎಷ್ಟು ಸರಿ, ನೀವೇ ಹೇಳಿ. ಕರಾರು ಮುಗಿದ ಮೇಲೂ ಬೇರೆಯವರ ಜೊತೆ ವ್ಯವಹಾರ ಮಾಡದಂತೆ ಕೈ ಕಟ್ಟಿಹಾಕುವ ಷರತ್ತಿಗೆ ಅದೇ ಕಾಂಟ್ರಾಕ್ಟ್ ಕಾಯ್ದೆಯ 27ನೇ ಸೆಕ್ಷನ್ ಅಡ್ಡ ಬರುತ್ತದೆ. ಕ್ರಿಕೆಟಿಗ ಜಹೀರ್ ಖಾನ್ ಮತ್ತು ಅವರ ಪ್ರಚಾರದ ವ್ಯವಹಾರ ನೋಡಿಕೊಳ್ಳುತ್ತಿದ್ದ ಕಂಪನಿಯ ನಡುವಿನ ವಿವಾದದಲ್ಲಿ 2006ರಲ್ಲೇ ಇದು ತೀರ್ಮಾನವಾಗಿದೆ.

ಇಷ್ಟೆಲ್ಲ ಇದ್ದರೂ ನೋಟಿಸ್ ಷರತ್ತು ಜಾರಿಯಾಗುವುದು ಕೋರ್ಟಿನಲ್ಲಿ ಅಲ್ಲ, ಅಕೌಂಟ್ಸ್ ವಿಭಾಗದಲ್ಲಿ. ತಿಂಗಳ ಕೊನೆಗೆ ಇನ್‌ವಾಯ್ಸ್ ಕಳಿಸಿ 60 ದಿನ ಕಾಯಬೇಕು ಅಂತಿದ್ದರೆ ನೀವು ಹೊರಡುವ ದಿನ ಎರಡು ತಿಂಗಳ ದುಡ್ಡು ಅವರ ಬಳಿಯೇ ಇರುತ್ತದೆ. ಅದೇ ಡೆಪಾಸಿಟ್ಟು. ನೋಟಿಸ್ ಪೂರ್ತಿ ಮಾಡಲಿಲ್ಲ ಅಂತ ಅದರಲ್ಲಿ ಮುರಿದುಕೊಂಡರೆ ಕೇಸ್ ಹಾಕುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಆ ದುಡ್ಡಿಗಿಂತ ವಕೀಲರ ಫೀಸೇ ಜಾಸ್ತಿ ಅಂತ ಎಷ್ಟೋ ಜನ ಬಿಟ್ಟುಬಿಡುತ್ತಾರೆ.

ಇಲ್ಲಿ ಕೈಗೆ ಸಿಗುವ ಒಂದು ಅಸ್ತ್ರ 2006ರ ಎಂಎಸ್‌ಎಂಇ ಕಾಯ್ದೆ, ಅಂದರೆ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆ. ಕಾರ್ಖಾನೆ ಇಟ್ಟವರಿಗೆ ಮಾತ್ರ ಅಂದುಕೊಂಡವರೇ ಹೆಚ್ಚು. ಸೇವೆ ಕೊಡುವ ಒಬ್ಬ ವ್ಯಕ್ತಿಯೂ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬಹುದು, ಶುಲ್ಕವಿಲ್ಲ. ಆಮೇಲೆ ಕರಾರಿನಲ್ಲಿ 60 ಅಂತ ಬರೆದಿದ್ದರೂ 45 ದಿನಕ್ಕಿಂತ ಹೆಚ್ಚು ಎಳೆಯುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೆಲಸ ಶುರು ಮಾಡುವ ಮೊದಲೇ ನೋಂದಣಿ ಆಗಿರಲಿ, ಜಗಳ ಬಂದ ಮೇಲೆ ಮಾಡಿಸಿದರೆ ಉಪಯೋಗ ಕಡಿಮೆ. ಆದರೆ ಇದು ಮಾಡಿದ ಕೆಲಸದ ದುಡ್ಡಿಗೆ ಮಾತ್ರ. ನಾಳೆಯಿಂದ ಬರಬೇಡಿ ಅಂದರೆ ಇದರಲ್ಲಿ ಉತ್ತರವಿಲ್ಲ.

ಆ ಉತ್ತರವನ್ನು ಬೇರೆ ದೇಶಗಳು ಬರೆದಿವೆ. ಜರ್ಮನಿಯ ಸಿವಿಲ್ ಕೋಡ್ ಪ್ರಕಾರ, ಇಂಥ ಫಲಿತಾಂಶ ಕೊಡುತ್ತೇನೆ ಅಂತ ಒಪ್ಪಿಕೊಂಡ ಕೆಲಸವನ್ನು ಗ್ರಾಹಕ ನಡುವೆ ನಿಲ್ಲಿಸಿದರೆ ಒಪ್ಪಿದ ದುಡ್ಡಿನಲ್ಲಿ ಉಳಿತಾಯವಾದ ಖರ್ಚು ಕಳೆದು ಮಿಕ್ಕಿದ್ದು ಕೊಡಬೇಕು. ಲೆಕ್ಕ ಕಷ್ಟವಾದರೆ, ಉಳಿದ ಕೆಲಸದ ಬೆಲೆಯಲ್ಲಿ 5 ಶೇಕಡಾ ಬರಬೇಕು ಅಂತ ಇಟ್ಟುಕೊಳ್ಳುತ್ತಾರೆ. ಜಪಾನಿನಲ್ಲಿ 2024ರ ನವೆಂಬರ್ 1ರಿಂದ ಜಾರಿಯಾದ ಫ್ರೀಲಾನ್ಸ್ ಕಾನೂನು, ಆರು ತಿಂಗಳು ಅಥವಾ ಹೆಚ್ಚು ಕಾಲ ಕೆಲಸ ಮಾಡುತ್ತಿರುವವರ ಕರಾರು ನಡುವೆ ಮುರಿಯಲು, ಮುಂದುವರಿಸದೇ ಇರಲು ಕೂಡ, 30 ದಿನ ಮೊದಲು ತಿಳಿಸಬೇಕು ಅನ್ನುತ್ತದೆ.

ಇಲ್ಲಿ 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕೈಗಾರಿಕಾ ವಿವಾದ ಕಾಯ್ದೆ ಹೋಯಿತು. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮಾಲೀಕ-ನೌಕರ ಸಂಬಂಧದ ಹೊರಗೆ ದುಡಿಯುವ ‘ಗಿಗ್ ಕಾರ್ಮಿಕ’ ಅನ್ನುವವರಿಗೆ ಒಂದು ಜಾಗ ಸಿಕ್ಕಿದೆ, ನೋಟಿಸ್ ಸಿಕ್ಕಿಲ್ಲ. ಅದಕ್ಕಿಂತ ಕೆಲವೇ ತಿಂಗಳ ಹಿಂದೆ ಕರ್ನಾಟಕ ತನ್ನದೇ ಗಿಗ್ ಕಾರ್ಮಿಕರ ಕಾಯ್ದೆ ಮಾಡಿ ಒಂದು ಹೆಜ್ಜೆ ಮುಂದಿಟ್ಟಿದೆ. ಅಗ್ರಿಗೇಟರ್, ಅಂದರೆ ಪ್ಲಾಟ್‌ಫಾರ್ಮ್ ನಡೆಸುವ ಕಂಪನಿ, ಕಾರ್ಮಿಕರೊಬ್ಬರನ್ನು ತೆಗೆಯಬೇಕಾದರೆ ಕಾರಣ ಬರೆದು ಕೊಟ್ಟು 14 ದಿನದ ನೋಟಿಸ್ ನೀಡಬೇಕು. ಇದು ಡೆಲಿವರಿ ಮತ್ತು ಕ್ಯಾಬ್ ಹುಡುಗರಿಗೆ ಮಾತ್ರ ಅಂತ ಸುದ್ದಿ ಓದಿದವರು ಅಂದುಕೊಂಡಿರಬಹುದು, ಆದರೆ ಅನುಬಂಧದ ಪಟ್ಟಿಯಲ್ಲಿ ವೃತ್ತಿಪರ ಸೇವೆಗಳೂ ಕಂಟೆಂಟ್ ಮತ್ತು ಮೀಡಿಯಾ ಸೇವೆಗಳೂ ಇವೆ. ಅಂದರೆ ಅಂಥ ಪ್ಲಾಟ್‌ಫಾರ್ಮ್ ಮೂಲಕ ಕೆಲಸ ಪಡೆಯುವ ಅನುವಾದಕಿಗೆ 14 ದಿನ ಕೇಳುವ ದಾರಿ ಇದೆ. ಅದೇ ಅನುವಾದಕಿ ಅದೇ ಕೆಲಸವನ್ನು ಕಂಪನಿಯಿಂದ ನೇರವಾಗಿ ಪಡೆದರೆ ಈ ಕಾಯ್ದೆ ಅವರಿಗೆ ಅನ್ವಯಿಸುವುದಿಲ್ಲ, ಅಗ್ರಿಮೆಂಟಿನಲ್ಲಿ ಎಷ್ಟು ದಿನ ಬರೆಸಿಕೊಂಡರೋ ಅಷ್ಟೇ.