ಹರಿದದ್ದು ಬಟ್ಟೆಯಲ್ಲ, ಹೊಲಿಗೆ

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ನಾನು ಹೊಲಿಗೆ ಅಂಗಡಿ ಇಟ್ಟು 28 ವರ್ಷ ಆಯಿತು. ಮೊದಲೆಲ್ಲ ಹರಿದ ಪ್ಯಾಂಟು ತರುತ್ತಿದ್ದವರು ಮೈಮುರಿದು ದುಡಿಯುವವರು. ಕೆಂಪುಕಲ್ಲಿನ ಕೋರೆಯವರು, ಅಡಿಕೆ ಮರ ಹತ್ತುವವರು, ಗ್ಯಾರೇಜಿನ ಹುಡುಗರು. ಈಗ ಕಾಲೇಜು ಮಕ್ಕಳೂ ತರುತ್ತಾರೆ. ಅವರು ತರುವುದು ಅಮೆರಿಕದ ಕೂಲಿಯವರಿಗೆಂದು ಹುಟ್ಟಿದ ಪ್ಯಾಂಟು. ಗಲ್ಫಿನಲ್ಲಿರುವ ಮಾವ ಕಳಿಸಿದ್ದು, ಆನ್‌ಲೈನಿನಲ್ಲಿ ತರಿಸಿದ್ದು, ಇಲ್ಲವೇ ನೋಡಲು ಹಾಗೇ ಇರುವ ಬೇರೆ ಹೆಸರಿನದ್ದು. ಎಲ್ಲರದ್ದೂ ಒಂದೇ ಪ್ರಶ್ನೆ. "ಅಣ್ಣಾ, ಇಷ್ಟು ದಪ್ಪ ಬಟ್ಟೆ, ಹೇಗೆ ಹರಿಯಿತು?"

ಬಟ್ಟೆ ಹರಿದಿಲ್ಲ ಮಾರಾಯ. ಹೊಲಿಗೆ ಬಿಟ್ಟಿದೆ.

ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಬಟ್ಟೆಯ ತೂಕ ಮಾತ್ರ ಎಲ್ಲರಿಗೂ ಬಾಯಿಪಾಠ. "ಇದು 12 ಔನ್ಸ್ ಅಣ್ಣಾ" ಅನ್ನುತ್ತಾರೆ. ಅಂದರೆ ಒಂದು ಚದರ ಗಜ ಬಟ್ಟೆ 12 ಔನ್ಸ್ ತೂಗುತ್ತದೆ, ನಮ್ಮ ಲೆಕ್ಕದಲ್ಲಿ ಚದರ ಮೀಟರಿಗೆ ಸುಮಾರು 400 ಗ್ರಾಂ. ಬಟ್ಟೆ ಒಳ್ಳೆಯದೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ದಪ್ಪ ಬಟ್ಟೆ ಎಳೆದರೆ ಹಿಗ್ಗುವುದಿಲ್ಲ. ಕುಕ್ಕರಗಾಲಿನಲ್ಲಿ ಕೂತಾಗ ಪೂರ್ತಿ ಎಳೆತ ಹೋಗಿ ಬೀಳುವುದು ಎರಡು ಕಾಲು ಸೇರುವ ಜಾಗದ ಮೇಲೆ. ಅಲ್ಲಿ ನಾಲ್ಕು ಹೊಲಿಗೆ ಬಂದು ಒಂದೇ ಚುಕ್ಕೆಯಲ್ಲಿ ಕೂಡುತ್ತವೆ. ಬಟ್ಟೆ ಸೋಲುವುದಿಲ್ಲ, ನೂಲು ಸೋಲುತ್ತದೆ. ತೆಳು ಬಟ್ಟೆಯಾದರೆ ಸ್ವಲ್ಪ ಹಿಗ್ಗಿ ಹೊಲಿಗೆಯನ್ನು ಉಳಿಸುತ್ತಿತ್ತು.

ಇದು ನಾನು ಕಂಡುಹಿಡಿದದ್ದಲ್ಲ. ನನ್ನಂತೆಯೇ ಒಬ್ಬ ಟೈಲರ್ 150 ವರ್ಷದ ಹಿಂದೆ ಕಂಡದ್ದು. ಅಮೆರಿಕದ ನೆವಾಡದ ರೀನೋ ಎಂಬ ಊರಿನಲ್ಲಿ ಜೇಕಬ್ ಡೇವಿಸ್ ಅಂತ ಇದ್ದ. ಒಬ್ಬ ಹೆಂಗಸು ಬಂದು, ಗಂಡ ಮರ ಕಡಿಯುವವನು, ಬಾಳಿಕೆ ಬರುವ ಪ್ಯಾಂಟು ಹೊಲಿದು ಕೊಡಿ ಅಂದಳು. ಮೂರು ಡಾಲರಿನ ಕೆಲಸ. ದಪ್ಪ ಕ್ಯಾನ್ವಾಸ್ ಅವನ ಹತ್ತಿರ ಇತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಅವನ ಹೆಸರು ಇವತ್ತು ಯಾರಿಗೂ ಗೊತ್ತಿರುತ್ತಿರಲಿಲ್ಲ. ಕುದುರೆ ಹೊದಿಕೆಯ ಪಟ್ಟಿಗೆ ಹೊಡೆಯುವ ತಾಮ್ರದ ರಿವೆಟ್ಟು ಮೇಜಿನ ಮೇಲೆ ಬಿದ್ದಿತ್ತು. ಅದನ್ನು ತೆಗೆದು ಕಿಸೆಯ ಮೂಲೆಗೆ ಹೊಡೆದ. ಆಮೇಲೆ ತನಗೆ ಬಟ್ಟೆ ಮಾರುತ್ತಿದ್ದ ಲೀವೈ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಪೇಟೆಂಟ್ ಪಡೆದ. ಪೇಟೆಂಟ್ ಸಿಕ್ಕಿದ್ದು ಬಟ್ಟೆಗಲ್ಲ, ಕಿಸೆಯ ಬಾಯಿ ಗಟ್ಟಿ ಮಾಡಿದ್ದಕ್ಕೆ. ಹೊಲಿಗೆ ಬಿಡುವ ಜಾಗ ಯಾವುದು ಅಂತ ಅವನಿಗೆ ಗೊತ್ತಿತ್ತು.

ಆಮೇಲೆ ಬಂದ ಕಾರ್ಹಾರ್ಟ್ (1889, ಡೆಟ್ರಾಯಿಟ್, ರೈಲ್ವೆ ಕೆಲಸದವರಿಗೆ), ಡಿಕೀಸ್ (1922, ಟೆಕ್ಸಾಸ್) ಈ ಕಂಪೆನಿಗಳದ್ದೆಲ್ಲ ದುಡಿಯುವವರ ಬಟ್ಟೆಗಳೇ. 1990ರ ದಶಕದಲ್ಲಿ ಅಲ್ಲಿನ ರ‍್ಯಾಪ್ ಹಾಡುಗಾರರೂ ಸ್ಕೇಟ್‌ಬೋರ್ಡ್ ಹುಡುಗರೂ ಹಾಕಿಕೊಂಡರು, ಫ್ಯಾಷನ್ ಆಯಿತು. ಆಗಲಿ, ಕೂಲಿಯವನ ಪ್ಯಾಂಟನ್ನು ಜನ ಚಂದ ಅನ್ನುವುದು ನನಗೂ ಖುಷಿಯೇ.

ಹೊಟ್ಟೆ ಉರಿಯುವುದು ಕೊಂಡ ಮೇಲೆ ಮಾಡಿಸುವ ಕೆಲಸಕ್ಕೆ. ಗಟ್ಟಿ ಅಂತ ಕೊಂಡುಕೊಂಡು, ನೇರ ನನ್ನಲ್ಲಿಗೆ ಬಂದು "ಕಾಲು ಟೈಟ್ ಮಾಡಿ" ಅನ್ನುತ್ತಾರೆ! ಆ ಪ್ಯಾಂಟಿನ ಒಳಬದಿ ತಿರುಗಿಸಿ ನೋಡಿ. ಬಟ್ಟೆಯ ಎರಡೂ ಅಂಚನ್ನು ಒಂದರೊಳಗೊಂದು ಮಡಚಿ, ಮೇಲಿಂದ ಎರಡು ಅಥವಾ ಮೂರು ಸಾಲು ಹೊಲಿದಿರುತ್ತಾರೆ. ಒಂದು ಸಾಲು ಹೋದರೂ ಇನ್ನೊಂದು ಹಿಡಿದಿರುತ್ತದೆ. ಕಾಲು ಟೈಟ್ ಮಾಡಬೇಕಾದರೆ ನಾನು ಆ ಮಡಿಕೆಯನ್ನೇ ಕತ್ತರಿಸಿ ಬಿಸಾಡಬೇಕು. ಆಮೇಲೆ ಒಂದು ಸಾಲು ಹೊಲಿಗೆ, ಮೇಲೊಂದು ಓವರ್‌ಲಾಕ್, ಅಂದರೆ ಅಂಚು ಬಿಚ್ಚದ ಹಾಗೆ ಸುತ್ತುವ ಹೊಲಿಗೆ. ದುಡ್ಡು ಕೊಟ್ಟದ್ದು ಯಾವುದಕ್ಕೋ ಅದೇ ಹೋಯಿತು. ಇನ್ನು ಕೆಲವರು ಮಂಡಿಯ ಡಬಲ್ ತುಂಡಿನ ಕೆಳಗೆ ಬಿಟ್ಟಿರುವ ಸಂದಿ ತೋರಿಸಿ, "ಇಲ್ಲಿ ಹೊಲಿಗೆ ಬಿಟ್ಟುಹೋಗಿದೆ, ಮುಚ್ಚಿಕೊಡಿ" ಅನ್ನುತ್ತಾರೆ. ಅದು ಬಿಟ್ಟುಹೋದದ್ದಲ್ಲ. ಮಂಡಿಯೂರಿ ಕೆಲಸ ಮಾಡುವವನು ಒಳಗೆ ಮೆತ್ತೆ ತೂರಿಸಲಿ, ಸೇರಿದ ಮಣ್ಣು ಉದುರಲಿ ಅಂತ ಇಟ್ಟದ್ದು.

ನಮ್ಮ ಕಡೆ ತೋಟದ ಕೆಲಸಕ್ಕೆ ಕೈಲಿ (ಲುಂಗಿ) ಉಟ್ಟು ಎತ್ತಿ ಕಟ್ಟುತ್ತಾರಲ್ಲ, ಅದು ತೊಡೆಯ ಸಂದಿಯಲ್ಲಿ ಹರಿದದ್ದು ಯಾರಾದರೂ ನೋಡಿದ್ದೀರಾ? ಅಲ್ಲಿ ಹೊಲಿಗೆಯೇ ಇಲ್ಲ, ಬಿಡುವುದು ಎಲ್ಲಿಂದ?

ಪೆರ್ಲ ಕಡೆಯಿಂದ ಒಬ್ಬರು ಬರುತ್ತಾರೆ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವವರು. ಮೈಲುತುತ್ತಿನ ನೀಲಿ ಕಲೆ ಪ್ಯಾಂಟಿನ ತುಂಬಾ. ಬಟ್ಟೆ ಸಾದಾ, ಮಿಶ್ರ ನೂಲಿನದ್ದು, ಅರ್ಧ ದಪ್ಪವೂ ಇಲ್ಲ. ಆರು ವರ್ಷದ ಹಿಂದೆ ನಾನೇ ಹೊಲಿದದ್ದು. ಕಾಲು ಸೇರುವಲ್ಲಿ ಅಂಗೈಯಗಲದ ವಜ್ರದಾಕಾರದ ತುಂಡು ಕೂರಿಸಿದ್ದೆ. ಹಾಗೆ ಮಾಡಿದರೆ ನಾಲ್ಕು ಹೊಲಿಗೆ ಒಂದೇ ಕಡೆ ಕೂಡುವುದಿಲ್ಲ, ಎಳೆತ ಹಂಚಿಹೋಗುತ್ತದೆ. ನೂಲು ಪಾಲಿಯೆಸ್ಟರ್. ಇಲ್ಲಿಯ ಮಳೆಗೆ ಹತ್ತಿ ನೂಲು ಬೇಗ ಕುಂಬಾಗುತ್ತದೆ. ಇಂಚಿಗೆ ಎಂಟೇ ಹೊಲಿಗೆ. ಒತ್ತೊತ್ತಾಗಿ ಹೊಲಿದರೆ ಗಟ್ಟಿ ಅಂದುಕೊಳ್ಳುತ್ತಾರೆ, ಅತಿಯಾದರೆ ಅದು ಸೂಜಿಯಿಂದ ತೂತು ಕೊರೆದು ಹರಿಯಲು ಗೆರೆ ಹಾಕಿಕೊಟ್ಟ ಹಾಗೆ. ಆ ಪ್ಯಾಂಟನ್ನು ಕಳೆದ ವಾರ ತಂದಿದ್ದರು. "ಮಾಸ್ಟ್ರೇ, ಗುಬ್ಬಿ ಒಂದು ಹೋಯಿತು" ಅಂದರು. ಬಟನ್ ಒಂದು ಹಾಕಿದ್ದು, ಅಷ್ಟೇ ರಿಪೇರಿ. ಪಕ್ಕದಲ್ಲೇ ಹರಿದ ಹೊಸ ಪ್ಯಾಂಟು ಹಿಡಿದು ನಿಂತಿದ್ದ ಹುಡುಗನಿಗೆ ಎರಡನ್ನೂ ಒಳಬದಿ ತಿರುಗಿಸಿ ತೋರಿಸಿದೆ. ತುಂಬ ಹೊತ್ತು ಬೆರಳಾಡಿಸಿ ನೋಡಿದ ಪಾಪ.

ಕಂಪೆನಿ ಪ್ಯಾಂಟೆಲ್ಲ ಕೆಟ್ಟದ್ದು ಅಂತ ತಿಳಿಯಬೇಡಿ. ಒಳಬದಿ ನೋಡದೆ ಯಾವುದರ ಬಗ್ಗೆಯೂ ನಾನು ಮಾತಾಡುವುದಿಲ್ಲ. ಅಂಗಡಿಯಲ್ಲಾದರೆ ಹಾಕಿಕೊಂಡು ಪೂರ್ತಿ ಕುಕ್ಕರಗಾಲಿನಲ್ಲಿ ಕೂತು ನೋಡಿ, ನಾಚಿಕೆ ಬೇಡ. ಸೊಂಟಕ್ಕೆ ಸರಿಯಾಗಿ, ತೊಡೆಗೆ ಸಡಿಲವಾಗಿ ಇರುವುದನ್ನೇ ತೆಗೆದುಕೊಳ್ಳಿ. ಉದ್ದ ಕಡಿಮೆ ಮಾಡುವುದಿದ್ದರೆ ಬೇಕಾದರೆ ತನ್ನಿ, ಅದರಿಂದ ಏನೂ ಕೆಡುವುದಿಲ್ಲ. ಆದರೆ ಒಮ್ಮೆ ನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿ ತನ್ನಿ. ಒಗೆಯದ ಕ್ಯಾನ್ವಾಸಿಗೆ ನಾನು ಕತ್ತರಿ ಹಾಕುವುದಿಲ್ಲ.