ಕೆಲಸ ಬಿಡದೆ ಎಂಬಿಎ ಮಾಡಿದರೆ ಬೆಲೆ ಇದೆಯಾ?

ಓದುಗರ ಪ್ರಶ್ನೆ: ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದೇನೆ. ಆನ್‌ಲೈನ್ ಎಂಬಿಎ ಮಾಡಬೇಕು ಅಂತಿದ್ದೇನೆ. ಅದನ್ನು ಯಾರಾದರೂ ಲೆಕ್ಕಕ್ಕೆ ತಗೋತಾರಾ?

ಕಾಗದದ ಮಟ್ಟಿಗೆ ಖಂಡಿತ ಲೆಕ್ಕಕ್ಕಿದೆ. ಮಾನ್ಯತೆ ಇರುವ ವಿವಿಯ ಆನ್‌ಲೈನ್ ಅಥವಾ ದೂರಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ ವಿವಿಗಳ ಮೇಲೆ ಕಣ್ಣಿಡುವ ಕೇಂದ್ರದ ಆಯೋಗ ಯುಜಿಸಿ 2022ರಲ್ಲೇ ಸ್ಪಷ್ಟಪಡಿಸಿದೆ. ಆದರೆ ಮಾನ್ಯತೆ ಇದೆ ಅನ್ನೋದನ್ನು ಅಡ್ಮಿಷನ್ ಮಾಡಿಸೋಕೆ ಫೋನ್ ಮಾಡುವ ಏಜೆಂಟರ ಬಾಯಿಂದ ಕೇಳಿ ನಂಬಬೇಡಿ. "ಇವತ್ತೇ ಲಾಸ್ಟ್ ಡೇಟ್ ಸರ್, ಸ್ಕಾಲರ್‌ಶಿಪ್ ಹೋಗುತ್ತೆ" ಅಂತ ಅವಸರ ಮಾಡುತ್ತಾರೆ. ಫೋನ್ ಇಟ್ಟುಬಿಡಿ. ಯುಜಿಸಿಯ ದೂರಶಿಕ್ಷಣ ವಿಭಾಗದ ವೆಬ್‌ಸೈಟ್ ತೆಗೆದು, ನೀವು ಸೇರುವ ವರ್ಷಕ್ಕೆ, ಎಂಬಿಎಗೇ, ಆನ್‌ಲೈನ್ ಅಂದರೆ ಆನ್‌ಲೈನ್‌ಗೇ ಅನುಮತಿ ಇದೆಯಾ ನೋಡಿ. ಬರೀ ವಿವಿಯ ಹೆಸರು ಕಂಡರೆ ಸಾಲದು. ಮೈಸೂರಿನ ಮುಕ್ತ ವಿವಿಗೆ 2018ರಲ್ಲಿ ಮತ್ತೆ ಮಾನ್ಯತೆ ಬಂತು, ನಿಜ. ಅದಕ್ಕೂ ಮುಂಚೆ, ಮಾನ್ಯತೆ ಇಲ್ಲದ ವರ್ಷಗಳಲ್ಲಿ ಸೇರಿದ್ದವರು ಎಷ್ಟು ಒದ್ದಾಡಿದರು ಗೊತ್ತಲ್ವಾ?

ಇನ್ನು ಬೆಲೆಯ ಮಾತು. ಅದು ಡಿಗ್ರಿ ನಿಮಗೆ ಯಾಕೆ ಬೇಕು ಅನ್ನೋದರ ಮೇಲಿದೆ.

ಪ್ರಮೋಷನ್‌ಗೆ ಪಿಜಿ ಕೇಳುತ್ತಾರೆ, ಅಷ್ಟೇ ಅಂದರೆ ಕೇಂದ್ರ ಸರ್ಕಾರದ ಮುಕ್ತ ವಿವಿ ಇಗ್ನೋದ ಎಂಬಿಎ ಸಾಕು. ಸುಮ್ನೆ ಲಕ್ಷಗಟ್ಟಲೆ ಸುರಿಯಬೇಡಿ. ಅಸೈನ್‌ಮೆಂಟ್‌ಗೆ ಶೇ 30, ಪರೀಕ್ಷೆಗೆ ಶೇ 70 ಅಂಕ. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. 2 ವರ್ಷದ ಕೋರ್ಸ್ ಮುಗಿಸೋಕೆ 4 ವರ್ಷದವರೆಗೆ ಸಮಯ ಇದೆ, ಹಾಗಾಗಿ ಪ್ರಾಜೆಕ್ಟ್ ರಿಲೀಸ್ ಪರೀಕ್ಷೆಯ ವಾರವೇ ಬಂದು ವಕ್ಕರಿಸಿದರೂ ಆಕಾಶವೇನೂ ಕಳಚಿ ಬೀಳೋದಿಲ್ಲ.

ಕೋಡಿಂಗ್ ಬಿಟ್ಟು ಫೈನಾನ್ಸ್‌ಗೋ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್‌ಗೋ ಹೋಗಬೇಕಾ? ಹಾಗಾದರೆ ನಾನು ಆನ್‌ಲೈನ್ ಬೇಡ ಅಂತೀನಿ. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಕೆಲಸದಲ್ಲಿರುವವರಿಗಾಗಿಯೇ ಪಿಜಿಪಿಇಎಂ ಅನ್ನೋ 2 ವರ್ಷದ ಕೋರ್ಸ್ ಇದೆ. ಅಂಥ ಕಡೆ ಪಾಠಕ್ಕಿಂತ ಜಾಸ್ತಿ ಕಲಿಯೋದು ಪಕ್ಕದಲ್ಲಿ ಕೂತವರಿಂದ. ಒಂದೇ ಕೇಸ್, ಅಂದರೆ ಯಾವುದೋ ಕಂಪನಿ ಎದುರಿಸಿದ ಸಮಸ್ಯೆ, ಚರ್ಚೆಗೆ ಬಂದಾಗ ಬ್ಯಾಂಕಿನವರು ಸಾಲ ವಾಪಸ್ ಬರುತ್ತಾ ಅಂತ ನೋಡುತ್ತಾರೆ, ಫ್ಯಾಕ್ಟರಿಯವರು ಗೋಡೌನಿನಲ್ಲಿ ಕೊಳೆಯುತ್ತಿರುವ ಸ್ಟಾಕ್ ನೋಡುತ್ತಾರೆ, ನಮ್ಮ ಐಟಿಯವರಿಗೆ ಅವೆರಡೂ ಹೊಳೆದೇ ಇರೋದಿಲ್ಲ. ರೆಕಾರ್ಡ್ ಆದ ವಿಡಿಯೊದಲ್ಲಿ ಇದು ಸಿಗೋದಿಲ್ಲ. ಶುಲ್ಕ ಮಾತ್ರ ದೊಡ್ಡದು. ಶಿಕ್ಷಣ ಸಾಲ ಮಾಡಿದರೆ ಬಡ್ಡಿಗೆ ತೆರಿಗೆ ವಿನಾಯಿತಿ ಇದೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದರೆ. ಕಂಪನಿಯೇ ಕಟ್ಟುತ್ತದೆ ಅಂದರೆ ಎಷ್ಟು ವರ್ಷ ಕೆಲಸ ಬಿಡಬಾರದು ಅನ್ನೋ ಬಾಂಡ್ ಇದೆ ಅಂತ ಮೊದಲೇ ಓದಿ.

ಹಣ ಕಟ್ಟುವ ಮುಂಚೆ ಇನ್ನೊಂದು ಕೆಲಸ. ಅದೇ ಕೋರ್ಸ್ ಮುಗಿಸಿ ಎರಡು ಮೂರು ವರ್ಷ ಆದವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ. ಹುದ್ದೆ ಬದಲಾಗಿದೆಯಾ ನೋಡಿ, ಒಂದಿಬ್ಬರಿಗೆ ಮೆಸೇಜ್ ಹಾಕಿ ನೇರವಾಗಿ ಕೇಳಿ.