ಇಆರ್‌ಪಿ: ಒಂದು ಸಲ ಬರೆದರೆ ಎಲ್ಲರಿಗೂ ಸಿಗುವ ಲೆಕ್ಕ

ಕೆಲವು ವರ್ಷಗಳ ಹಿಂದಿನ ಜನವರಿ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿಯ ಸಿಪ್ಪೆ ಬಿಡಿಸಿ ಗ್ರೇಡ್ ಮಾಡುವ ಕಾರ್ಖಾನೆ) ಮೂಡಿಗೆರೆ ಕಡೆಯ ತೋಟದಿಂದ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ತಿರುಳು ತೆಗೆದು ಒಳಸಿಪ್ಪೆಯ ಸಮೇತ ಒಣಗಿಸಿದ ಕಾಫಿಯ ಲೋಡು ಬಂತು. ಗೇಟಿನವರು ತಮ್ಮ ಪುಸ್ತಕದಲ್ಲಿ 112 ಚೀಲ ಎಂದು ಬರೆದುಕೊಂಡರು. ಗೋಡೌನ್ ರೈಟರ್ ರಾತ್ರಿ ಎಂಟು ಗಂಟೆಗೆ, ಆ ದಿನದ ಹದಿನಾಲ್ಕನೇ ಲೋಡು ಇಳಿಸಿಕೊಂಡ ಮೇಲೆ, ಅದನ್ನೇ ತಮ್ಮ ಸ್ಟಾಕ್ ಪುಸ್ತಕದಲ್ಲಿ 121 ಎಂದು ಬರೆದರು. ಆಫೀಸಿನವರು ಸ್ಟಾಕ್ ಪುಸ್ತಕ ನೋಡಿ ಕಂಪ್ಯೂಟರಿಗೆ ಹಾಕಿದರು. ಮೂರು ವಾರದ ನಂತರ ಚೀಲ ಎಣಿಸಿದಾಗ ಒಂಬತ್ತು ಚೀಲ, ಅಂದರೆ 450 ಕೆ.ಜಿ. ಕಾಫಿ, ಕಾಣೆ.

ಆಗ ನಾನು ಅಲ್ಲಿ ಲೆಕ್ಕದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಎರಡು ದಿನ ಹುಡುಕಿದೆವು. "ಸಾರ್, ಇಪ್ಪತ್ತೆರಡು ವರ್ಷ ಆಯ್ತು ನಾನಿಲ್ಲಿ. ಒಂದು ಬೀಜ ಜೇಬಿಗೆ ಹಾಕ್ಕೊಂಡೋನಲ್ಲ" ಎನ್ನುವಾಗ ರೈಟರ್ ಕೈ ನಡುಗುತ್ತಿತ್ತು. ಕೊನೆಗೆ ಹಳೆಯ ಗೇಟ್ ಪುಸ್ತಕ ತೆಗೆಸಿ ನೋಡಿದ ಮೇಲೆ ವಿಷಯ ತಿಳಿಯಿತು. ಕಾಫಿ ಎಲ್ಲೂ ಹೋಗಿರಲಿಲ್ಲ. ಒಂದೇ ಸಂಗತಿಯನ್ನು ಮೂರು ಜನ ಮೂರು ಕಡೆ ಬರೆದಿದ್ದರು.

ಇಆರ್‌ಪಿ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಕಥೆಯಿಂದಲೇ ಶುರು ಮಾಡುತ್ತೇನೆ. ಲೋಡು ಬಂದದ್ದನ್ನು ಗೇಟಿನಲ್ಲಿ ಒಂದೇ ಸಲ ಬರೆಯಬೇಕು. ಗೋಡೌನಿನವರು, ಲೆಕ್ಕದವರು, ತೋಟದವರಿಗೆ ಹಣ ಕೊಡುವವರು, ಮಾಲೀಕರು ಎಲ್ಲರೂ ಅದೇ ಒಂದು ನಮೂದನ್ನು ತಮ್ಮ ತಮ್ಮ ಕೆಲಸಕ್ಕೆ ಬೇಕಾದ ಹಾಗೆ ನೋಡಬೇಕು. ಯಾರೂ ಮತ್ತೆ ಎತ್ತಿ ಬರೆಯಬಾರದು. ಖರೀದಿ, ದಾಸ್ತಾನು, ಉತ್ಪಾದನೆ, ಮಾರಾಟ, ಸಂಬಳ, ಲೆಕ್ಕಪತ್ರ ಇಷ್ಟೂ ಒಂದೇ ದತ್ತಾಂಶದ ಮೇಲೆ ನಡೆಯುವ ಸಾಫ್ಟ್‌ವೇರ್‌ಗೆ ಇಆರ್‌ಪಿ ಎನ್ನುತ್ತಾರೆ.

ಪೂರ್ಣ ಹೆಸರು ಎಂಟರ್‌ಪ್ರೈಸ್ ರಿಸೋರ್ಸ್ ಪ್ಲಾನಿಂಗ್. ‘ಉದ್ಯಮ ಸಂಪನ್ಮೂಲ ಯೋಜನೆ’ ಎಂದು ಕನ್ನಡಿಸುವುದುಂಟು. ಪದಕ್ಕೆ ಪದ ಸರಿಯೇ, ಆದರೆ ‘ಯೋಜನೆ’ ಎಂದ ಕೂಡಲೇ ನಮಗೆ ಸರ್ಕಾರದ ಯಾವುದೋ ಸ್ಕೀಮ್ ನೆನಪಾಗುತ್ತದೆ. ಕೆಲಸದ ಜಾಗದಲ್ಲಿ ಯಾರೂ ಈ ಮಾತು ಆಡುವುದಿಲ್ಲ. "ಸಿಸ್ಟಮ್‌ಗೆ ಹಾಕಿದ್ರಾ?" "ಎಂಟ್ರಿ ಆಯ್ತಾ?" ಎನ್ನುತ್ತಾರೆ. ನನ್ನ ಮಟ್ಟಿಗೆ ಆ ‘ಎಂಟ್ರಿ’ಯೇ ಈ ಪದದ ತಿರುಳು.

ಹೆಸರು ಹುಟ್ಟಿದ್ದು 1990ರಲ್ಲಿ. ಗಾರ್ಟ್‌ನರ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ ಅದನ್ನು ಬಳಕೆಗೆ ತಂದಿತು. ಬೇರು ಇನ್ನೂ ಹಿಂದಿನದು. 1960ರ ದಶಕದಲ್ಲಿ ಐಬಿಎಂನ ಜೋಸೆಫ್ ಓರ್ಲಿಕಿ ಅವರಂಥವರು ಕಾರ್ಖಾನೆಗೆ ಯಾವ ಬಿಡಿಭಾಗ ಎಷ್ಟು, ಯಾವತ್ತು ಬೇಕು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಎಂಆರ್‌ಪಿ ವಿಧಾನವನ್ನು ರೂಪಿಸಿದರು. (ಬಿಸ್ಕತ್ತಿನ ಪೊಟ್ಟಣದ ಮೇಲಿನ ಎಂಆರ್‌ಪಿಗೂ ಇದಕ್ಕೂ ಸಂಬಂಧವಿಲ್ಲ.) 1972ರಲ್ಲಿ ಐಬಿಎಂ ಬಿಟ್ಟುಬಂದ ಐವರು ಜರ್ಮನಿಯಲ್ಲಿ ಸ್ಯಾಪ್ ಕಂಪನಿ ಕಟ್ಟಿದರು. ಅವರ ಆರ್/3 ಆವೃತ್ತಿ 1992ರಲ್ಲಿ ಬಂದ ಮೇಲೆ ದೊಡ್ಡ ಕಂಪನಿಗಳಲ್ಲಿ ಇಆರ್‌ಪಿ ಮನೆಮಾತಾಯಿತು. ನಮ್ಮ ಅಂಗಡಿ, ಮಂಡಿಗಳಲ್ಲಿ ಮನೆಮಾತಾದದ್ದು 1986ರಲ್ಲಿ ಶುರುವಾದ ಬೆಂಗಳೂರಿನ ಟ್ಯಾಲಿ. "ನಮ್ಮಲ್ಲಿ ಟ್ಯಾಲಿ ಇದೆಯಲ್ಲ, ಇನ್ನು ಇಆರ್‌ಪಿ ಯಾಕೆ?" ಎಂದು ಬಹಳ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಟ್ಯಾಲಿಯಲ್ಲೂ ದಾಸ್ತಾನು ಇಡಬಹುದು. ಆದರೆ ಬಹುಪಾಲು ಕಡೆ ಅದನ್ನು ಬಳಸುವುದು ಎಲ್ಲ ಮುಗಿದ ಮೇಲೆ, ಆಡಿಟರ್‌ಗೆ ತೋರಿಸುವುದಕ್ಕೆ. ಕೆಲಸ ನಡೆಯುತ್ತಿರುವಾಗಲೇ ಲೆಕ್ಕವೂ ಆಗುತ್ತಿದ್ದರೆ ಅದು ಇಆರ್‌ಪಿ. ನಡೆದುಹೋದದ್ದನ್ನು ಆಮೇಲೆ ಕೂತು ಬರೆದರೆ, ಸಾಫ್ಟ್‌ವೇರ್ ಎಷ್ಟೇ ದುಬಾರಿಯದ್ದಾಗಿರಲಿ, ಅದು ಬರೀ ಅಕೌಂಟ್ಸ್.

ಇಲ್ಲಿ ನಮ್ಮ ಜಿಲ್ಲೆಗಳಿಗೆ ವಿಶೇಷವಾದ ಒಂದು ತೊಡಕಿದೆ. ಇಆರ್‌ಪಿ ಹುಟ್ಟಿದ್ದು ಜೋಡಿಸುವ ಕಾರ್ಖಾನೆಗಳಲ್ಲಿ. ನೂರು ಬಿಡಿಭಾಗ ಸೇರಿ ಒಂದು ಟ್ರ್ಯಾಕ್ಟರ್ ಆಗುತ್ತದೆ, ಲೆಕ್ಕವೂ ಹಾಗೆಯೇ ಹಲವುಗಳಿಂದ ಒಂದರ ಕಡೆಗೆ ಹರಿಯುತ್ತದೆ. ಕಾಫಿಯಲ್ಲಿ ಎಲ್ಲವೂ ತಿರುಗುಮುರುಗು. ಒಂದು ಲಾಟ್ ಪಾರ್ಚ್‌ಮೆಂಟ್ ಸಿಪ್ಪೆ ಬಿಡಿಸುವ ಹಲ್ಲರ್ ಯಂತ್ರಕ್ಕೆ ಹೋದರೆ ಪೀಬರಿ (ಒಂಟಿ ದುಂಡು ಬೀಜ), ಎ, ಬಿ, ಸಿ, ಬಿಟ್ಸ್ ಎಂದು ಹಲವು ಗ್ರೇಡ್ ಆಗಿ ಹೊರಗೆ ಬರುತ್ತದೆ, ಒಂದೊಂದಕ್ಕೂ ಒಂದೊಂದು ಬೆಲೆ. ತೂಕವೂ ಉಳಿಯುವುದಿಲ್ಲ. 50 ಕೆ.ಜಿ. ಪಾರ್ಚ್‌ಮೆಂಟ್‌ನಿಂದ ಸುಮಾರು 40 ಕೆ.ಜಿ. ಕಾಫಿ ಬೀಜ, ಹಣ್ಣನ್ನು ಇಡಿಯಾಗಿ ಒಣಗಿಸಿದ ಚೆರಿಯಾದರೆ ಹೆಚ್ಚುಕಡಿಮೆ ಅರ್ಧ. ಹೀಗೆ ಕೊನೆಗೆ ಸಿಗುವ ಬೀಜದ ಪ್ರಮಾಣವೇ ಔಟ್‌ಟರ್ನ್. ಬೆಳೆಗಾರರು ಮಾರುವುದು 50 ಕೆ.ಜಿ. ಚೀಲದ ಲೆಕ್ಕದಲ್ಲಿ, ರಫ್ತಾಗುವುದು 60 ಕೆ.ಜಿ. ಚೀಲದಲ್ಲಿ. ತೇವಾಂಶ ಸ್ವಲ್ಪ ಏರುಪೇರಾದರೂ ತೂಕ ಬದಲಾಗುತ್ತದೆ. ಮಾಮೂಲು ಸಾಫ್ಟ್‌ವೇರ್‌ಗೆ ಇದು ಅರ್ಥವಾಗುವುದಿಲ್ಲ. "ಹತ್ತು ಕೆ.ಜಿ. ಎಲ್ಲಿ ಹೋಯಿತು?" ಎಂದು ಕೆಂಪು ಬಣ್ಣದಲ್ಲಿ ಕೇಳುತ್ತದೆ. ಸಿಪ್ಪೆ ಹೋಯಿತು ಎಂದು ಅದಕ್ಕೆ ಮೊದಲೇ ಹೇಳಿಕೊಟ್ಟಿರಬೇಕು.

ಆದ್ದರಿಂದಲೇ ಇತ್ತೀಚಿನ ಒಲವುಗಳಲ್ಲಿ ನನಗೆ ಮುಖ್ಯವೆನಿಸುವುದು ಒಂದೊಂದು ಕಸುಬಿಗೂ ಹೊಂದುವ ಇಆರ್‌ಪಿ. ಮೊದಲು ಒಂದೇ ದೊಡ್ಡ ಪೆಟ್ಟಿಗೆ ಕೊಡುತ್ತಿದ್ದರು, ಬೇಕೋ ಬೇಡವೋ ಎಲ್ಲ ಅದರಲ್ಲೇ ಇರುತ್ತಿತ್ತು. ಈಗ ತುಂಡು ತುಂಡಾಗಿ ಜೋಡಿಸಿಕೊಳ್ಳುವ ಪದ್ಧತಿ ಬರುತ್ತಿದೆ. ಲೆಕ್ಕಪತ್ರ ಒಬ್ಬರದು, ತೂಕ ಮತ್ತು ಗ್ರೇಡಿಂಗ್ ಇನ್ನೊಬ್ಬರದು, ಆಳುಗಳ ಹಾಜರಿ ಮತ್ತು ಬಟವಾಡೆ ಮತ್ತೊಬ್ಬರದು; ನಡುವೆ ಎಪಿಐ ಎಂಬ ಕೊಂಡಿ. ಮುಂಬೈನ ಫ್ರಾಪೆಯವರ ಇಆರ್‌ಪಿನೆಕ್ಸ್ಟ್, ಬೆಲ್ಜಿಯಂನಲ್ಲಿ ಹುಟ್ಟಿದ ಒಡೂ ಇಂಥವುಗಳಲ್ಲಿ ಮುಕ್ತ ತಂತ್ರಾಂಶದ ಆವೃತ್ತಿಗಳಿವೆ. ಮೂಲ ಕೋಡ್ ತೆರೆದಿರುವುದರಿಂದ ಔಟ್‌ಟರ್ನ್ ಲೆಕ್ಕವನ್ನು ನಮ್ಮ ಊರಿನ ಹುಡುಗರೇ ಬರೆದು ಸೇರಿಸಬಹುದು. ತಂತ್ರಾಂಶ ಪುಕ್ಕಟೆ ಸಿಕ್ಕಿದರೂ ಅದನ್ನು ಕೂರಿಸಿ, ಜನರಿಗೆ ಕಲಿಸುವ ಖರ್ಚು ಇದ್ದೇ ಇದೆ ಎಂಬುದನ್ನು ಮಾತ್ರ ಮೊದಲೇ ತಿಳಿದುಕೊಂಡಿರಬೇಕು.

ಎರಡನೆಯದು ಕ್ಲೌಡ್. ಸರ್ವರ್ ನಮ್ಮ ಆಫೀಸಿನಲ್ಲಿ ಇರುವುದಿಲ್ಲ, ಬಳಸುವ ತಲೆಗಿಷ್ಟು ಎಂದು ಬಾಡಿಗೆ ಕಟ್ಟುತ್ತೇವೆ. ಲಕ್ಷಗಟ್ಟಲೆ ಸುರಿದು ಯಂತ್ರ ತರುವುದು ತಪ್ಪುತ್ತದೆ. ಕ್ಲೌಡ್‌ಗೆ ಹೋಗುವ ಒತ್ತಡ ದೊಡ್ಡವರಿಗೂ ಇದೆ: ಸ್ಯಾಪ್ ತನ್ನ ಹಳೆಯ ಇಸಿಸಿ ಆವೃತ್ತಿಗೆ ಕೊಡುವ ಸಾಮಾನ್ಯ ಬೆಂಬಲವನ್ನು 2027ರ ಕೊನೆಗೆ ನಿಲ್ಲಿಸುವುದಾಗಿ ಹೇಳಿದೆ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆ ಹೊಲಿಯುವ ಘಟಕಗಳಂಥ ಕಡೆ ಇನ್ನೊಂದು ದಾರಿಯೂ ಹೊಂದುತ್ತದೆ. ಮುಖ್ಯ ಕಚೇರಿಯಲ್ಲಿ ದೊಡ್ಡ ಇಆರ್‌ಪಿ, ಘಟಕದಲ್ಲಿ ಹಗುರವಾದದ್ದು, ದಿನದ ಕೊನೆಗೆ ಎರಡೂ ಮಾತಾಡಿಕೊಳ್ಳುತ್ತವೆ. ಮಲೆನಾಡಿಗೆ ಬಂದರೆ ಪ್ರಶ್ನೆ ಬೇರೆ. ಕಳಸದ ಕಡೆ ಜುಲೈ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ನೆಟ್ ಇಲ್ಲದಾಗಲೂ ಮೊಬೈಲಿನಲ್ಲಿ ಬರೆದಿಟ್ಟುಕೊಂಡು, ಸಿಗ್ನಲ್ ಬಂದಾಗ ತಾನಾಗಿ ಕಳಿಸುವ ಸೌಲಭ್ಯ ಇಲ್ಲದ ಕ್ಲೌಡ್ ಇಆರ್‌ಪಿಯನ್ನು ತೋಟಕ್ಕೆ ತರಲೇಬೇಡಿ.

ಇನ್ನು ಕಾನೂನು. ನಮ್ಮ ಕಡೆಯ ಎಷ್ಟೋ ಸಣ್ಣ ಉದ್ಯಮಗಳು ಸಾಫ್ಟ್‌ವೇರ್‌ಗೆ ಬಂದದ್ದು ಆಸೆಯಿಂದಲ್ಲ, ಜಿಎಸ್‌ಟಿಯಿಂದ. 2017ರ ಜುಲೈ 1ರಂದು ಜಿಎಸ್‌ಟಿ ಬಂತು, ಮರುವರ್ಷ ಸರಕು ಸಾಗಿಸುವಾಗ ಬೇಕಾದ ಇ-ವೇ ಬಿಲ್. 2020ರಲ್ಲಿ 500 ಕೋಟಿ ರೂಪಾಯಿಗೂ ಮೇಲಿನ ವಹಿವಾಟಿಗೆ ಶುರುವಾದ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್) 2023ರ ಆಗಸ್ಟ್ ಹೊತ್ತಿಗೆ 5 ಕೋಟಿ ದಾಟಿದವರ ತನಕ ಇಳಿಯಿತು. ಅದೇ ವರ್ಷದ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾರು, ಯಾವಾಗ, ಏನು ತಿದ್ದಿದರು ಎಂಬ ದಾಖಲೆ ಉಳಿಯಲೇಬೇಕು, ಅದನ್ನು ಆಫ್ ಮಾಡುವ ಹಾಗಿಲ್ಲ. ಇದು ನನಗೆ ಬಹಳ ಸಮಾಧಾನ ಕೊಟ್ಟ ನಿಯಮ. ಅಂದು ಗೇಟ್ ಪುಸ್ತಕ ಸಿಕ್ಕದೇ ಹೋಗಿದ್ದರೆ ಆ ರೈಟರ್ ಗತಿ ಏನಾಗುತ್ತಿತ್ತು? ತಿದ್ದುಪಡಿಯ ಗುರುತು ಉಳಿಯುವ ಲೆಕ್ಕ ಮಾಲೀಕರಿಗಿಂತ ಮೊದಲು ಕೆಲಸಗಾರರನ್ನು ಕಾಪಾಡುತ್ತದೆ.

ಕಾನೂನಿನ ಇನ್ನೊಂದು ಮುಖ ಯುರೋಪಿನಿಂದ ಬಂದಿದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆಯ ನಿಯಮ ಮಾಡಿತು. ಕಾಫಿಯೂ ಸೇರಿ ಏಳು ಸರಕುಗಳಿಗೆ ಅದು ಅನ್ವಯ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಮೀನಿನಲ್ಲಿ ಬೆಳೆದದ್ದಲ್ಲ ಎಂದು ತೋರಿಸಬೇಕು. ಅದಕ್ಕೆ ಜಮೀನು ಎಲ್ಲಿದೆ ಎಂಬ ಅಕ್ಷಾಂಶ ರೇಖಾಂಶ ಬೇಕು. 4 ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆಗಿಂತ ದೊಡ್ಡದಾದರೆ ಸುತ್ತಳತೆಯ ನಕ್ಷೆಯೇ ಬೇಕು. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ. ಆದರೂ ಖರೀದಿದಾರರು ಕೇಳುವ ಪ್ರಶ್ನೆ ಹಿಂದೆ ಹೋಗುವುದಿಲ್ಲ.

ಕೆಲಸದ ಜಾಗದಲ್ಲಿ ಇದರ ಅರ್ಥ ನೋಡಿ. ಐದು ಎಕರೆ, ಮೂರು ಎಕರೆಯ ಇಪ್ಪತ್ತು ಬೆಳೆಗಾರರ ಕಾಫಿ ಒಬ್ಬ ವ್ಯಾಪಾರಿಯ ಗೋಡೌನಿಗೆ ಬಂದು ಒಂದೇ ರಾಶಿಯಾಗುತ್ತದೆ. ಆ ರಾಶಿಯಿಂದ ಹೊರಟ ಚೀಲಕ್ಕೆ ಇಪ್ಪತ್ತು ಜಮೀನಿನ ಗುರುತೂ ಅಂಟಿಕೊಂಡಿರಬೇಕು. ಪುಸ್ತಕದಲ್ಲಿ ಇದು ಆಗದ ಮಾತು. ಇಆರ್‌ಪಿಯಲ್ಲಿ ಲಾಟ್ ನಂಬರಿಗೆ ಜಮೀನಿನ ಗುರುತು ಸೇರಿಸಿದರೆ, ರಾಶಿ ಬೆರೆತರೂ ಗುರುತು ಬೆರೆಯುವುದಿಲ್ಲ. ನಮ್ಮ ಕಾಫಿ ಬೆಳೆಯುವುದು ಹಲಸು, ಮತ್ತಿ, ಅತ್ತಿ ಮರಗಳ ನೆರಳಿನಲ್ಲಿ, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು. ಇಷ್ಟು ಮರ ಉಳಿಸಿಕೊಂಡವರ ಕಾಫಿ ದಾಖಲೆ ಇಲ್ಲದ ಕಾರಣಕ್ಕೆ ಬಂದರಿನಲ್ಲಿ ನಿಲ್ಲುವುದಾದರೆ ಅದಕ್ಕಿಂತ ಸಂಕಟ ಇನ್ನೊಂದಿಲ್ಲ.

ಕೃತಕ ಬುದ್ಧಿಮತ್ತೆಯ ವಿಚಾರವೇ ಈಗ ಎಲ್ಲರ ಬಾಯಲ್ಲಿ. ಗೊಬ್ಬರದ ಬಿಲ್ಲಿನ ಫೋಟೋ ತೆಗೆದರೆ ಅಂಗಡಿ ಹೆಸರು, ದರ, ತೆರಿಗೆ ಎಲ್ಲ ತಾನೇ ಓದಿ ತುಂಬುವ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. "ಹೋದ ವಾರ ರೋಬಸ್ಟಾ ಚೆರಿ ಎಷ್ಟು ಚೀಲ ಬಂತು?" ಎಂದು ಮಾತಿನಲ್ಲಿ ಕೇಳಿ ಉತ್ತರ ಪಡೆಯುವುದೂ ಆಗುತ್ತಿದೆ. ಇನ್ನೂ ಮುಂದೆ ಹೋಗಿ, ದಾಸ್ತಾನು ಕಡಿಮೆಯಾದರೆ ತಾನೇ ಆರ್ಡರ್ ಸಿದ್ಧಪಡಿಸುವ ‘ಏಜೆಂಟ್’ಗಳನ್ನು ದೊಡ್ಡ ಕಂಪನಿಗಳು ತರುತ್ತಿವೆ. ಸಿದ್ಧಪಡಿಸಲಿ, ಆದರೆ ಒಪ್ಪಿಗೆಯ ಗುಂಡಿ ಮನುಷ್ಯರ ಕೈಯಲ್ಲೇ ಇರಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಗೇಟಿನಲ್ಲೇ 121 ಎಂದು ಬರೆದಿದ್ದರೆ, ಎಂಥ ಬುದ್ಧಿಮತ್ತೆಯೂ 121 ಚೀಲಕ್ಕೇ ಹಣ ಕೊಡಲು ಹೇಳುತ್ತಿತ್ತು. ಹಾಗಾಗಿ ನಾನು ಮೊದಲು ದುಡ್ಡು ಹಾಕಿ ಎನ್ನುವುದು ವೇಬ್ರಿಡ್ಜನ್ನು ನೇರವಾಗಿ ಸಿಸ್ಟಮ್‌ಗೆ ಜೋಡಿಸುವುದಕ್ಕೆ. ತೂಕ ತಾನೇ ಹೋಗಿ ಕೂರುತ್ತದೆ, ಎರಡನೇ ಕೈ ಬೇಡ.

ಇದರ ಜೊತೆಗೇ ಭಾಷೆಯ ಮಾತು. ಮಂಜುನಾಥ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಒಬ್ಬರು ಕೊನೆಗೆ ‘ಎ’ ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ, ಮತ್ತೊಬ್ಬರು ಇನಿಷಿಯಲ್ ಮುಂದೆ ಹಾಕುತ್ತಾರೆ. ಒಬ್ಬರೇ ಬೆಳೆಗಾರರಿಗೆ ಮೂರು ಖಾತೆ. ಮುಂಗಡ ಒಂದರಲ್ಲಿ, ಬಾಕಿ ಇನ್ನೊಂದರಲ್ಲಿ. ಇಂಥದ್ದನ್ನು ನಾನು ಎಷ್ಟು ಸಲ ಒಂದುಗೂಡಿಸಿದ್ದೇನೋ ಲೆಕ್ಕವಿಲ್ಲ. ಗೇಟಿನವರಿಗೆ ಕನ್ನಡದಲ್ಲಿ ಪರದೆ ಕೊಟ್ಟರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ. ಆ ಕನ್ನಡ, ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಯುನಿಕೋಡ್‌ನಲ್ಲಿರಬೇಕು. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಲ್ಲ. ಹುಡುಕಿದರೆ ಸಿಗುವುದಿಲ್ಲ.

ಸಾಫ್ಟ್‌ವೇರ್ ನಮ್ಮ ರೂಢಿಗೆ ಬಾಗಬೇಕೋ, ನಾವು ಅದಕ್ಕೆ ಬಾಗಬೇಕೋ ಎಂಬುದು ಹಳೆಯ ಜಗಳ. ಜರ್ಮನಿಯ ಲಿಡ್ಲ್ ದಿನಸಿ ಮಳಿಗೆಗಳು ಏಳು ವರ್ಷ ಹೆಣಗಿ 2018ರಲ್ಲಿ ಸ್ಯಾಪ್ ಯೋಜನೆಯನ್ನು ಕೈಬಿಟ್ಟವು, ಖರ್ಚು ಸುಮಾರು 50 ಕೋಟಿ ಯೂರೋ ಎಂದು ವರದಿಯಾಯಿತು. ಅವರು ದಾಸ್ತಾನಿಗೆ ಬೆಲೆ ಕಟ್ಟುತ್ತಿದ್ದುದು ಕೊಂಡ ದರದಲ್ಲಿ, ಸಾಫ್ಟ್‌ವೇರ್‌ನ ಮಾಮೂಲು ರೀತಿ ಮಾರಾಟ ದರದ್ದು. ಅದನ್ನು ತಿದ್ದುತ್ತಾ ಹೋಗಿ ತೊಡಕು ಬೆಳೆಯಿತು. ಈಗಿನ ಸಲಹೆ, ಒಳಗಿನ ಮೂಲವನ್ನು ಮುಟ್ಟದೆ ಬೇಕಾದದ್ದನ್ನು ಪಕ್ಕದಲ್ಲಿ ಸೇರಿಸಿ ಎಂಬುದು. ಕ್ಯೂರಿಂಗ್ ವರ್ಕ್ಸ್‌ಗೆ ನಾನು ಹೇಳುವುದೂ ಅದೇ: ಔಟ್‌ಟರ್ನ್ ಮತ್ತು ಗ್ರೇಡಿನ ಲೆಕ್ಕದಲ್ಲಿ ಸಾಫ್ಟ್‌ವೇರ್ ಬಾಗಲಿ, ವೋಚರ್, ಬಿಲ್ಲು, ರಜೆ ಚೀಟಿಯಲ್ಲಿ ನಾವು ಬಾಗೋಣ.

ತರುವುದು ಎಂದು ನಿಶ್ಚಯ ಮಾಡಿದವರು ಏಪ್ರಿಲ್ 1ರ ಹೊಸ ಲೆಕ್ಕದ ವರ್ಷಕ್ಕೆ ಕಾಯುತ್ತಾರೆ. ಆಗ ಕುಯ್ಲು ಮುಗಿದು ಗೋಡೌನ್ ಚಾವಣಿಯವರೆಗೆ ತುಂಬಿರುತ್ತದೆ, ಆರಂಭದ ದಾಸ್ತಾನು ಎಣಿಸುವುದೇ ಒಂದು ತಿಂಗಳ ಕೆಲಸ. ನಾನಾದರೆ ಆಗಸ್ಟ್ ಎನ್ನುತ್ತೇನೆ. ಚೀಲ ಕಡಿಮೆ, ಜನರಿಗೆ ಬಿಡುವು, ಕಲಿಯಲು ಸಮಯ. ಒಂದೆರಡು ತಿಂಗಳು ಹಳೆಯ ಪುಸ್ತಕ, ಹೊಸ ಸಿಸ್ಟಮ್ ಎರಡನ್ನೂ ಜೊತೆಯಲ್ಲಿ ನಡೆಸಿ ಪ್ರತಿ ಶನಿವಾರ ತಾಳೆ ನೋಡಬೇಕು. ನವೆಂಬರಿನಲ್ಲಿ ಮೊದಲ ಹಣ್ಣು ಕುಯ್ಯುವ ಹೊತ್ತಿಗೆ ಗೇಟಿನವರ ಬೆರಳಿಗೆ ಪರದೆ ರೂಢಿಯಾಗಿರುತ್ತದೆ.